ದೂರದ ದಾರಿಯಲ್ಲಿ ಜಲಗಾಲನ

ನೀರನ್ನು ಸೋಸದೆ ಕುಡಿಯಬಾರದೆಂಬುದು ಶ್ರಾವಕನ ಮನೆಯಲ್ಲಿ ಮಕ್ಕಳು ಮೊಟ್ಟಮೊದಲು ಕಲಿಯುವ ಆಚಾರಗಳಲ್ಲಿ ಒಂದು. ಕೊಡದ ಬಾಯಿಗೆ ಇಮ್ಮಡಿಸಿ ಹಾಸಿದ ಬಿಳಿಯ ಬಟ್ಟೆ, ನಲ್ಲಿಗೆ ಕಟ್ಟಿದ ಅರಿವೆಯ ಚೀಲ, ಒಲೆಯಿಂದಿಳಿಸಿ ಆರಲು ಇಟ್ಟ ಕಾಯಿಸಿದ ನೀರು, ಇವು ಕಣ್ಣಿಗೆ ಎಷ್ಟು ರೂಢಿಯಾಗಿರುತ್ತವೆಯೆಂದರೆ ಇವುಗಳ ಅರ್ಥವೇನೆಂದು ಕೇಳುವ ಪ್ರಸಂಗವೇ ಬರುವುದಿಲ್ಲ. ಮನೆಯಲ್ಲಿ ನೀರಿಗೆ ಬರವಿಲ್ಲ, ಬಟ್ಟೆ ಕೈಗೆಟಕುವಂತಿದೆ, ಒಲೆ ಉರಿಯುತ್ತಿದೆ. ಅನುಕೂಲವಿರುವಲ್ಲಿ ಆಚಾರವು ತಾನಾಗಿಯೇ ನಡೆದುಹೋಗುತ್ತದೆ. ಅದು ವ್ರತವೋ ಬರಿಯ ಅಭ್ಯಾಸವೋ ಎಂಬುದು ತಿಳಿಯಬೇಕಾದರೆ ಮನೆಯನ್ನು ಬಿಟ್ಟು ದೂರದ ದಾರಿಯನ್ನು ಹಿಡಿಯಬೇಕಾಗುತ್ತದೆ. ನಾಲಗೆ ಒಣಗಿ, ಹೊತ್ತ ನೀರು ತೀರಿ, ಎದುರಿಗೆ ಒಂದು ಹೊಂಡ ಕಂಡಾಗ ಮನುಷ್ಯನು ಆ ನೀರನ್ನು ಹೇಗೆ ಮುಟ್ಟುತ್ತಾನೆ ಎಂಬುದರಲ್ಲಿ ಅವನ ಆಚಾರದ ತಿರುಳು ಬಯಲಾಗುತ್ತದೆ.

ಕಾಲ್ನಡಿಗೆಯ ದೂರದ ದಾರಿ ಜೈನಸಂಘಕ್ಕೆ ಹೊಸದಲ್ಲ. ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂದಾಗಿ ಅರಿತ ಭದ್ರಬಾಹುವಿನ ಮಾತಿನಂತೆ ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟುಬಂದ ವೃತ್ತಾಂತವನ್ನು ಶ್ರವಣಬೆಳಗೊಳದ ಚಂದ್ರಗಿರಿಯ ಸುಮಾರು ಕ್ರಿ.ಶ. 600ರ ಶಾಸನವು ತಿಳಿಸುತ್ತದೆ. ಇಂದಿಗೂ ಮುನಿಗಳ ವಿಹಾರ ಕಾಲ್ನಡಿಗೆಯಲ್ಲಿಯೇ ನಡೆಯುತ್ತದೆ. ಆದರೆ ಮುನಿಯು ದಾರಿಯಲ್ಲಿ ನೀರನ್ನು ಅರಸುವವನಲ್ಲ. ದಿಗಂಬರ ಮುನಿಯು ದಿನಕ್ಕೊಮ್ಮೆ ಆಹಾರದೊಡನೆಯೇ ಪ್ರಾಸುಕ ಜಲವನ್ನು ಕರಪಾತ್ರೆಯಲ್ಲಿ ಸ್ವೀಕರಿಸುತ್ತಾನೆ. ಕಮಂಡಲುವಿನ ನೀರು ಶೌಚಕ್ಕೆ ಮಾತ್ರ. ನೀರನ್ನು ಹುಡುಕುವ, ಸೋಸುವ, ಹೊತ್ತು ನಡೆಯುವ ಹೊಣೆಯೆಲ್ಲ ಗೃಹಸ್ಥನದು. ಅಂತಹ ಗೃಹಸ್ಥರಲ್ಲಿ ಯಾತ್ರೆಗೆಂದಲ್ಲದೆ, ಬೆಟ್ಟಗಾಡನ್ನು ಕಾಣುವ ಬಯಕೆಯಿಂದಲೇ ತಿಂಗಳುಗಟ್ಟಲೆ ನಡೆಯುವವರು ಈಗ ಅನೇಕ ದೇಶಗಳಲ್ಲಿದ್ದಾರೆ. ಅವರಲ್ಲಿ ಬಹುಮಂದಿ ನೀರನ್ನು ಸೋಸಿಯೇ ಕುಡಿಯುತ್ತಾರೆ. ಅವರ ಸೋಸುವಿಕೆಗೂ ಶ್ರಾವಕನ ಜಲಗಾಲನಕ್ಕೂ ಭೇದವೇನು? ನೀರನ್ನು ಸೋಸುವುದು ಯಾರ ರಕ್ಷಣೆಗಾಗಿ? ಈ ಪ್ರಶ್ನೆ ಸಣ್ಣದಾಗಿ ಕಂಡರೂ ಅಹಿಂಸಾಣುವ್ರತದ ಹೃದಯವನ್ನೇ ಮುಟ್ಟುವಂತಹುದು.

ಇಂತಹ ದಾರಿಗಳಲ್ಲಿ ಸುಪ್ರಸಿದ್ಧವಾದುದು ಅಮೆರಿಕದ ಪಡುವಣ ಭಾಗದಲ್ಲಿರುವ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಎಂಬ ಕಾಲುದಾರಿ. ಮೆಕ್ಸಿಕೋ ದೇಶದ ಗಡಿಯ ಬಳಿಯ ಕ್ಯಾಂಪೋ ಎಂಬ ಊರಿನಿಂದ ಹೊರಟು ಕ್ಯಾಲಿಫೋರ್ನಿಯಾ, ಆರೆಗಾನ್, ವಾಷಿಂಗ್ಟನ್ ರಾಜ್ಯಗಳನ್ನು ಹಾದು ಕೆನಡಾ ದೇಶದ ಗಡಿಯನ್ನು ಸೇರುವ ಈ ದಾರಿಯ ಉದ್ದ ಸುಮಾರು 2,650 ಮೈಲಿ, ಅಂದರೆ 4,260 ಕಿಲೋಮೀಟರಿಗೂ ಮಿಗಿಲು. 1968ರಲ್ಲಿ ಇದು ಶಾಸನಬದ್ಧವಾಗಿ ರಾಷ್ಟ್ರೀಯ ದಾರಿಯೆಂದು ಮಾನ್ಯತೆ ಪಡೆಯಿತು. ಉತ್ತರಕ್ಕೆ ನಡೆಯುವವರು ಬಹುಮಟ್ಟಿಗೆ ವಸಂತದಲ್ಲಿ ಹೊರಡುತ್ತಾರೆ. ಅವರಿಗೆ ಮೊದಲು ಎದುರಾಗುವುದು ದಕ್ಷಿಣ ಕ್ಯಾಲಿಫೋರ್ನಿಯಾದ ಒಣನಾಡು. ಹೊರಟ ಸ್ಥಳದಿಂದ ಮೊರೆನಾ ಸರೋವರದವರೆಗಿನ ಸುಮಾರು 20 ಮೈಲಿಗಳಲ್ಲಿ ಸಿಗುವ ಹಳ್ಳಗಳು ಬೇಸಗೆ ಬರುವ ಮೊದಲೇ ಬತ್ತುವುದುಂಟು. ಅದರಾಚೆಗೆ ಸಿಜರ್ಸ್ ಕ್ರಾಸಿಂಗ್ ಎಂಬ ಕೂಡುದಾರಿಯಿಂದ ಬ್ಯಾರೆಲ್ ಸ್ಪ್ರಿಂಗ್ ಎಂಬ ಒರತೆಯವರೆಗೆ ಸುಮಾರು 24 ಮೈಲಿ ದೂರ ಸ್ವಾಭಾವಿಕವಾದ ನೀರನ್ನು ನಂಬುವಂತಿಲ್ಲ. ಒಂದು ಲೀಟರು ನೀರಿನ ತೂಕ ಒಂದು ಕಿಲೋಗ್ರಾಂ. ಐದಾರು ಲೀಟರು ಹೊತ್ತವನಿಗೆ ಹೆಗಲು ಇಳಿಬೀಳುತ್ತದೆ. ಕಡಿಮೆ ಹೊತ್ತವನಿಗೆ ಮಧ್ಯಾಹ್ನದ ಬಿಸಿಲಿನಲ್ಲಿ ಪ್ರಾಣವೇ ಭಾರವಾಗುತ್ತದೆ. ಮನೆಯಲ್ಲಿ ಬೆಲೆಯಿಲ್ಲದೆ ಹರಿದುಹೋಗುವ ವಸ್ತುವಿಗೆ ಇಲ್ಲಿ ಗುಟುಕು ಗುಟುಕಿನ ಲೆಕ್ಕವಿದೆ.

ಹೀಗೆ ಅರಸಿದಾಗ ಕಾಣುವ ನೀರು ಯಾರದು ಎಂಬುದು ಮೊದಲನೆಯ ವಿಚಾರ. ಮೊಹಾವೆ ಮರುಭೂಮಿಯ ಅಂಚಿನಲ್ಲಿ ಈ ದಾರಿಯು ಲಾಸ್ ಏಂಜಲಿಸ್ ನಗರಕ್ಕೆ ನೀರೊಯ್ಯುವ, ಮೇಲೆ ಮುಚ್ಚಿದ ಕಾಲುವೆಯ ಜೊತೆಜೊತೆಯಲ್ಲಿಯೇ ಮೈಲಿಗಟ್ಟಲೆ ಸಾಗುತ್ತದೆ. 1913ರಲ್ಲಿ ಮುಗಿದ ಆ ಕಾಲುವೆಯು ಓವೆನ್ಸ್ ಕಣಿವೆಯ ನೀರನ್ನು ನಗರಕ್ಕೆ ತಿರುಗಿಸಿತು; ಅದರ ಫಲವಾಗಿ ಓವೆನ್ಸ್ ಸರೋವರವು ಕೆಲವೇ ವರ್ಷಗಳಲ್ಲಿ ಬತ್ತಿಹೋಯಿತು. ಬಾಯಾರಿದವನ ಪಾದದ ಕೆಳಗೆ ಹೊಳೆಯೇ ಹರಿಯುತ್ತಿರುತ್ತದೆ, ಆದರೆ ಅದು ಅವನದಲ್ಲ. ಒಣಪ್ರದೇಶದಲ್ಲಿ ಕೆಲವೆಡೆ ಹಕ್ಕಿಗಳಿಗೂ ಕಾಡುಪ್ರಾಣಿಗಳಿಗೂ ಆಗಲೆಂದು ಮಳೆನೀರನ್ನು ಹಿಡಿದಿಡುವ ತೊಟ್ಟಿಗಳಿವೆ. ದನಗಳಿಗಾಗಿ ತುಂಬಿಸಿದ ಬಾನಿಗಳಿವೆ. ದಯಾವಂತರಾದ ಸ್ವಯಂಸೇವಕರು ದಾರಿಹೋಕರಿಗೆಂದು ತಂದಿಟ್ಟ ನೀರಿನ ಡಬ್ಬಿಗಳೂ ಇರುತ್ತವೆ. ಕೊಡದೆ ಇದ್ದುದನ್ನು ತೆಗೆದುಕೊಳ್ಳಬಾರದೆಂಬ ಅಚೌರ್ಯಾಣುವ್ರತವು ಇಲ್ಲಿ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಇಟ್ಟ ನೀರಿನಲ್ಲಿ ತನಗೆ ಮುಂದಿನ ಒರತೆಯವರೆಗೆ ಸಾಲುವಷ್ಟನ್ನು ಮಾತ್ರ ತೆಗೆದುಕೊಂಡು ಹಿಂದೆ ಬರುವವನಿಗೆ ಬಿಡುವವನು ಒಬ್ಬ. ಅದೇ ನೀರಿನಿಂದ ಕಾಲು ತೊಳೆದುಕೊಳ್ಳುವವನು ಇನ್ನೊಬ್ಬ. ಹಕ್ಕಿಗಾಗಿ ಕಟ್ಟಿದ ತೊಟ್ಟಿಯಿಂದ ಮನುಷ್ಯನು ಕುಡಿಯಬೇಕಾಗಿ ಬಂದರೆ, ತಾನು ಅತಿಥಿಯೆಂಬುದನ್ನೂ ಹಕ್ಕಿ ಮನೆಯೊಡೆಯನೆಂಬುದನ್ನೂ ಮರೆಯಲಾಗದು.

ನೀರು ಸಿಕ್ಕಿತು, ಇನ್ನು ಸೋಸುವ ಮಾತು. ಈ ಚಾರಣಿಗರು ಬಳಸುವ ಶೋಧಕವು ಹೆಚ್ಚಾಗಿ ಅತಿ ಸಣ್ಣ ಟೊಳ್ಳು ಎಳೆಗಳ ಕಟ್ಟಾಗಿರುತ್ತದೆ. ಎಳೆಗಳ ಗೋಡೆಯ ರಂಧ್ರಗಳು ಸುಮಾರು 0.1 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು. ಬೆಟ್ಟದ ತೊರೆಗಳಲ್ಲಿ ಕರುಳಿನ ಬೇನೆಯನ್ನು ಹರಡುವ ಜಿಯಾರ್ಡಿಯಾ ಎಂಬ ಜೀವಿಯ ಕೋಶ ಸುಮಾರು ಹತ್ತು ಮೈಕ್ರಾನ್, ಕ್ರಿಪ್ಟೋಸ್ಪೊರಿಡಿಯಂ ಎಂಬುದರದು ಸುಮಾರು ಐದು ಮೈಕ್ರಾನ್. ಇವೂ ಬ್ಯಾಕ್ಟೀರಿಯಾಗಳೂ ಶೋಧಕದಲ್ಲಿ ತಡೆಯಲ್ಪಡುತ್ತವೆ. ಅವುಗಳಿಗಿಂತ ಎಷ್ಟೋ ಸಣ್ಣವಾದ ವೈರಸ್‌ಗಳು ನುಸುಳಿಹೋಗುತ್ತವೆ. ಎಳೆಗಳೊಳಗಿನ ನೀರು ಹೆಪ್ಪುಗಟ್ಟಿದರೆ ಅವು ಬಿರಿದು ಕೆಡುವುದರಿಂದ, ಚಳಿಯ ರಾತ್ರಿಗಳಲ್ಲಿ ಚಾರಣಿಗನು ಶೋಧಕವನ್ನು ಹೊದಿಕೆಯೊಳಗೆ ಎದೆಗವುಚಿಕೊಂಡು ಮಲಗುತ್ತಾನೆ. ಕುದಿಸುವುದಾದರೆ ಒಂದು ನಿಮಿಷ ಮರಳಿಸಬೇಕು, 6,500 ಅಡಿಗೆ ಮೇಲ್ಪಟ್ಟ ಎತ್ತರದಲ್ಲಿ ಮೂರು ನಿಮಿಷ ಎಂದು ಅಲ್ಲಿಯ ಆರೋಗ್ಯ ಇಲಾಖೆಯ ಸೂಚನೆಯಿದೆ. ಇದೆಲ್ಲವೂ ಯುಕ್ತವಾದುದೇ. ಆದರೆ ಇದರ ದೃಷ್ಟಿ ಒಂದೇ: ನೀರಿನಲ್ಲಿರುವ ಜೀವಿಯಿಂದ ಕುಡಿಯುವವನನ್ನು ಕಾಪಾಡುವುದು.

ಶ್ರಾವಕಾಚಾರದ ದೃಷ್ಟಿ ಇದಕ್ಕೆ ವಿಮುಖವಾಗಿದೆ: ಕುಡಿಯುವವನಿಂದ ನೀರಿನಲ್ಲಿರುವ ಜೀವಿಯನ್ನು ಕಾಪಾಡುವುದು. ನೀರನ್ನೇ ಶರೀರವಾಗಿ ಉಳ್ಳ ಏಕೇಂದ್ರಿಯ ಜೀವಗಳ ಹಿಂಸೆಯನ್ನು ಗೃಹಸ್ಥನು ಪೂರ್ತಿಯಾಗಿ ತಪ್ಪಿಸಲಾರನು. ಎರಡು ಇಂದ್ರಿಯ ಮೊದಲಾಗುಳ್ಳ, ನೀರಿನಲ್ಲಿ ಚಲಿಸುವ ತ್ರಸಜೀವಗಳನ್ನಾದರೂ ಉಳಿಸಬಲ್ಲನು. ಅದಕ್ಕಾಗಿಯೇ ಬಟ್ಟೆ. ರೂಢಿಯಲ್ಲಿ ಹೇಳುವಂತೆ ಅದು 36 ಅಂಗುಲ ಉದ್ದ, 24 ಅಂಗುಲ ಅಗಲವಿದ್ದು, ಇಮ್ಮಡಿಸಿದರೆ ಬಿಸಿಲು ತೂರಿಬಾರದಷ್ಟು ಒತ್ತಾಗಿರಬೇಕು. ಸೋಸಿದ ಮೇಲೆ ಬಟ್ಟೆಯನ್ನು ಹಿಂಡತಕ್ಕದ್ದಲ್ಲ. ಸೋಸಿದ ನೀರಿನಿಂದಲೇ ಅದರ ಮೇಲ್ಮೈಯನ್ನು ತೊಳೆದು, ಆ ಶೇಷವನ್ನು ಯಾವ ಜಲಾಶಯದ ನೀರೋ ಅದೇ ಜಲಾಶಯಕ್ಕೆ ಮೆಲ್ಲನೆ ಸೇರಿಸಬೇಕು. ಉತ್ತರದ ಶ್ರಾವಕರು 'ಜಿವಾನಿ' ಎಂದು ಕರೆಯುವ ಈ ಶೇಷವನ್ನು ಬಾವಿಯ ಮೇಲಿನಿಂದ ಎರಚಿದರೆ ಜೀವಿಗಳು ಬಿದ್ದ ಪೆಟ್ಟಿಗೇ ಸಾಯುವವೆಂದು, ಅಡಿಯಲ್ಲಿ ಬಳೆಯಿರುವ ಪಾತ್ರೆಯನ್ನು ನೀರಿನ ಮಟ್ಟದವರೆಗೆ ಇಳಿಸಿ ಅಲ್ಲಿ ಮಗುಚುವ ಕ್ರಮವೂ ಉಂಟು. ಜಲಗಾಲನದ ಸಾರವಿರುವುದು ಬಟ್ಟೆಯಿಂದ ಕೆಳಗಿಳಿದ ನೀರಿನಲ್ಲಲ್ಲ, ಬಟ್ಟೆಯ ಮೇಲೆ ಉಳಿದ ಜೀವದಲ್ಲಿ. ತನ್ನ ಪಾತ್ರೆ ತುಂಬಿದೊಡನೆ ಬಟ್ಟೆಯನ್ನು ಕೊಡವಿ ಎದ್ದುಹೋಗುವವನು ನೀರನ್ನು ಸೋಸಿದನು, ವ್ರತವನ್ನು ಪಾಲಿಸಲಿಲ್ಲ.

ಬಟ್ಟೆಯಿಂದ ಆರೋಗ್ಯವೂ ಲಭಿಸುತ್ತದೆಯಲ್ಲವೇ ಎಂದು ಕೇಳಬಹುದು. ಲಭಿಸುತ್ತದೆ, ಅದಕ್ಕೆ ಪ್ರಮಾಣಗಳೂ ಇವೆ. ಹಿಂದೆ ಕರ್ನಾಟಕದ ಮೆಟ್ಟಿಲುಬಾವಿಗಳ ನೀರಿನಿಂದ ಹರಡುತ್ತಿದ್ದ ನಾರುಹುಣ್ಣಿಗೆ ಕಾರಣವಾದ ಹುಳುವಿನ ಮರಿ, ನೀರಿನಲ್ಲಿರುವ ಸೈಕ್ಲೊಪ್ಸ್ ಎಂಬ ಸಣ್ಣ ಪ್ರಾಣಿಯ ದೇಹದಲ್ಲಿ ಸೇರಿಕೊಂಡಿರುತ್ತಿತ್ತು. ಬಟ್ಟೆಯಲ್ಲಿ ಸೋಸಿದರೆ ಆ ಪ್ರಾಣಿ ಮೇಲೆಯೇ ಉಳಿಯುತ್ತಿತ್ತು. ಭಾರತದಲ್ಲಿ ಆ ರೋಗದ ಕಡೆಯ ಪ್ರಕರಣ ಕಂಡುದು 1996ರಲ್ಲಿ. 2000ದಲ್ಲಿ ದೇಶವು ಅದರಿಂದ ಮುಕ್ತವೆಂದು ಘೋಷಿತವಾಯಿತು. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ 65 ಹಳ್ಳಿಗಳಲ್ಲಿ ರೀಟಾ ಕಾಲ್ವೆಲ್ ಮತ್ತು ಸಹೋದ್ಯೋಗಿಗಳು ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಳೆಯ ಹತ್ತಿಯ ಸೀರೆಯನ್ನು ನಾಲ್ಕು ಮಡಿಕೆಗೆ ಕಡಿಮೆಯಿಲ್ಲದೆ ಮಡಿಸಿ ನೀರು ಸೋಸಿದವರಲ್ಲಿ ಕಾಲರಾ ಶೇಕಡಾ 48ರಷ್ಟು ಇಳಿಯಿತು. ಇದನ್ನು ಕೇಳಿ ಕೆಲವರು, ಪೂರ್ವಾಚಾರ್ಯರು ವಿಜ್ಞಾನವನ್ನೇ ಹೇಳಿದ್ದರೆಂದು ಹೆಮ್ಮೆಪಡುತ್ತಾರೆ. ಆ ಹೆಮ್ಮೆಯಲ್ಲಿ ಒಂದು ಅಪಾಯವಿದೆ. ವ್ರತವು ಆರೋಗ್ಯಕ್ಕಾಗಿಯೇ ಎಂದಾದರೆ, ಅದಕ್ಕಿಂತ ಚೆನ್ನಾಗಿ ಆರೋಗ್ಯವನ್ನು ಕಾಯುವ ಯಂತ್ರ ಬಂದ ದಿನವೇ ವ್ರತವು ಮುಗಿಯಿತು. ಆ ಯಂತ್ರವು ಈಗಾಗಲೇ ಚಾರಣಿಗನ ಚೀಲದಲ್ಲಿದೆ. ಬೆಳೆಗೆ ಹುಲ್ಲು ಹೇಗೋ ವ್ರತಕ್ಕೆ ಆರೋಗ್ಯವು ಹಾಗೆ; ಹುಲ್ಲು ದೊರೆಯುತ್ತದೆ, ಆದರೆ ಯಾರೂ ಹುಲ್ಲಿಗೆಂದು ಬಿತ್ತುವುದಿಲ್ಲ.

ಶೇಷವನ್ನು ಅದೇ ನೀರಿಗೆ ಹಿಂತಿರುಗಿಸಬೇಕೆಂಬ ವಿಧಿಯನ್ನು ಅತಿಸೂಕ್ಷ್ಮವೆಂದು ನಗುವವರಿಗೆ ಈ ದಾರಿಯೇ ಒಂದು ಪಾಠವನ್ನು ಹೇಳುತ್ತದೆ. ಅದು ಹಾದುಹೋಗುವ ಸಿಯೆರಾ ನೆವಾಡಾ ಪರ್ವತದ ಎತ್ತರದ ಸರೋವರಗಳಲ್ಲಿ ಹೆಚ್ಚಿನವು ಮೂಲತಃ ಮೀನಿಲ್ಲದವು. ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಗಾಳದ ಮೋಜಿಗಾಗಿ ಬೇರೆ ನೀರಿನ ಟ್ರೌಟ್ ಮೀನುಗಳನ್ನು ತಂದು ಅವುಗಳಲ್ಲಿ ಬಿಟ್ಟರು. ಮೀನುಗಳು ಅಲ್ಲಿಯ ಹಳದಿಗಾಲಿನ ಕಪ್ಪೆಯ ಮರಿಗಳನ್ನು ತಿಂದವು. ಅನಂತರ ನೀರಿನಿಂದ ನೀರಿಗೆ ಹರಡುವ ಒಂದು ಶಿಲೀಂಧ್ರರೋಗವು ಉಳಿದವನ್ನೂ ಮುತ್ತಿತು. ಒಂದು ಕಾಲಕ್ಕೆ ದಡಗಳಲ್ಲಿ ಕಿಕ್ಕಿರಿದಿದ್ದ ಆ ಕಪ್ಪೆಯು 2014ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು. ಒಂದು ನೀರಿನ ಜೀವವನ್ನು ಇನ್ನೊಂದು ನೀರಿಗೆ ಒಯ್ಯಬೇಡಿರೆಂದು ಜೀವವಿಜ್ಞಾನಿಗಳು ಇಂದು ಕೇಳಿಕೊಳ್ಳುತ್ತಿದ್ದಾರೆ. ಆ ಸಣ್ಣ ಬಟ್ಟೆಯ ಶೇಷದ ವಿಷಯದಲ್ಲಿ ಶ್ರಾವಕನಿಗೆ ವಿಧಿಸಿದ್ದುದೂ ಅದನ್ನೇ.

ಹಾಗಾದರೆ ಶ್ರಾವಕನಾದವನು ಇಂತಹ ದಾರಿಯಲ್ಲಿ ಏನು ಮಾಡತಕ್ಕದ್ದು? ಶೋಧಕದ ಎಳೆಗಳಲ್ಲಿ ಸಿಕ್ಕಿದ ಜೀವಿಯು ಅಲ್ಲಿಯೇ ನಶಿಸುತ್ತದೆ, ಇಲ್ಲವೆ ಎಷ್ಟೋ ದಿನಗಳ ಮೇಲೆ ತೊಳೆದಾಗ ಒಣನೆಲಕ್ಕೆ ಬೀಳುತ್ತದೆ. ಆದುದರಿಂದ ಮೊದಲು ಬಟ್ಟೆ, ಅನಂತರ ಯಂತ್ರ ಎಂಬ ಕ್ರಮವು ಉಚಿತ. ಮಣ್ಣುಕಸರಿನಿಂದ ಶೋಧಕ ಕಟ್ಟಿಕೊಳ್ಳದಿರಲೆಂದು ಅನೇಕ ಚಾರಣಿಗರು ಈಗಲೂ ಮೊದಲು ಕೈವಸ್ತ್ರದಲ್ಲಿ ನೀರನ್ನು ಸೋಸುತ್ತಾರೆ. ಅವರಿಗಿಂತ ಶ್ರಾವಕನು ಮಾಡಬೇಕಾದ ಹೆಚ್ಚಿನ ಕಾರ್ಯ ಬಹಳ ಅಲ್ಪ: ಬಟ್ಟೆಯನ್ನು ದಡದಲ್ಲಿಯೇ ತಿರುವಿ, ಸೋಸಿದ ಬೊಗಸೆ ನೀರಿನಿಂದ ತೊಳೆದು, ಬಂದ ಜೀವವನ್ನು ಬಂದ ನೀರಿಗೇ ಬಿಡುವುದು. ಇದಕ್ಕೆ ಎರಡು ನಿಮಿಷ ಸಾಕು. ಆ ಎರಡು ನಿಮಿಷವನ್ನು ಬಾಯಾರಿದವನು ಕೊಡಬಲ್ಲನೇ ಎಂಬುದೇ ಪರೀಕ್ಷೆ.

ಇನ್ನೊಂದು ತೊಡಕು ಉಂಟು. ಸೋಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷಗಳ ಮರ್ಯಾದೆ. ಅದು ಮೀರಿದರೆ ಪುನಃ ಸೋಸಬೇಕು. ಆದರೆ ಹತ್ತು ಮೈಲಿ ಹಿಂದೆ ಉಳಿದ ಒರತೆಗೆ ಆ ಎರಡನೆಯ ಶೇಷವನ್ನು ಮುಟ್ಟಿಸುವವರು ಯಾರು? ದಿಗಂಬರ ಶ್ರಾವಕರ ವಾಡಿಕೆಯಂತೆ ಲವಂಗ ಮೊದಲಾದುವನ್ನು ಹಾಕಿ ಪ್ರಾಸುಕಗೊಳಿಸಿದ ನೀರಿಗೆ ಎರಡು ಪ್ರಹರ, ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆಗಳ ಮರ್ಯಾದೆಯಿದೆ. ಸಂಜೆ ನೀರಿನ ಬಳಿ ತಂಗಿ, ಸೋಸಿ, ಶೇಷವನ್ನು ಒಪ್ಪಿಸಿ, ಮರುದಿನಕ್ಕೆ ಬೇಕಾದಷ್ಟನ್ನು ಮಾತ್ರ ಕುದಿಸಿಕೊಂಡವನಿಗೆ ಈ ತೊಡಕು ಇಲ್ಲ. ಕುದಿಸಿದರೆ ಉಳಿದ ಸೂಕ್ಷ್ಮಜೀವಗಳು ಸಾಯವೇ ಎಂಬ ಆಕ್ಷೇಪಣೆ ಹಳೆಯದು. ಅದು ಸುಳ್ಳೂ ಅಲ್ಲ. ಕುದಿಸುವುದರಲ್ಲಿ ಹಿಂಸೆಯಿದೆ, ಅದು ಗೃಹಸ್ಥನ ಆರಂಭೀ ಹಿಂಸೆ. ಕುದಿಸದ ನೀರಿನಲ್ಲಿ ಹುಟ್ಟುಸಾವುಗಳ ಸರಣಿ ಮುಂದುವರಿಯುತ್ತಲೇ ಇರುತ್ತದೆ, ಒಮ್ಮೆ ಕುದಿಸಿದರೆ ಅದಕ್ಕೊಂದು ಎಲ್ಲೆ ಬೀಳುತ್ತದೆ ಎಂಬುದು ಹಿರಿಯರ ಸಮಾಧಾನ. ಆದರೆ ಆ ಸಮಾಧಾನವು ಎರಡು ಲೀಟರು ಬೇಕಾದಲ್ಲಿ ಆರು ಲೀಟರು ಕುದಿಸಿ ಚೆಲ್ಲುವವನಿಗೆ ಸಲ್ಲುವುದಿಲ್ಲ. ತಪ್ಪಿಸಲಾಗದ ಹಿಂಸೆಗೆ ಮಿತಿಯೇ ಧರ್ಮ.

ಇದೆಲ್ಲಕ್ಕಿಂತ ಕಠಿನವಾದ ಆಕ್ಷೇಪಣೆಯೊಂದಿದೆ: ಇಂತಹ ದಾರಿಯಲ್ಲಿ ನಡೆಯುವ ಅಗತ್ಯವಾದರೂ ಏನು? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡಗಳನ್ನು ಹೇಳುವಲ್ಲಿ, ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕಲಕುವುದನ್ನೂ ಗಿಡಗಳನ್ನು ಕಡಿಯುವುದನ್ನೂ ಸುಮ್ಮನೆ ಅಲೆಯುವುದನ್ನೂ ಪ್ರಮಾದಚರ್ಯೆಯೆಂದು ಎಣಿಸುತ್ತದೆ. ಎಣಿಕೆಯ ಹೆಮ್ಮೆಗಾಗಿ, ಇಷ್ಟು ಮೈಲಿಗಳನ್ನು ತುಳಿದೆನೆಂದು ಹೇಳಿಕೊಳ್ಳುವುದಕ್ಕಾಗಿ ನಡೆಯುವವನಿಗೆ ಈ ಮಾತು ನೇರವಾಗಿ ತಗಲುತ್ತದೆ. ಅವನ ಬಟ್ಟೆ ಎಷ್ಟೇ ಒತ್ತಾಗಿದ್ದರೂ ಅದನ್ನು ಸೋಸಿ ತೆಗೆಯಲಾರದು. ಆದರೆ ನಡೆಯುವುದರಿಂದ ಪರಿಗ್ರಹ ಕರಗುವುದೂ ಉಂಟು. ತನಗೆ ಬೇಕಾದುದೆಲ್ಲವನ್ನೂ ತನ್ನ ಹೆಗಲ ಮೇಲೆಯೇ ಹೊರುವವನು, ಬೇಡವಾದುದು ಎಷ್ಟೆಂಬುದನ್ನು ಮೂರೇ ದಿನಗಳಲ್ಲಿ ಅರಿಯುತ್ತಾನೆ. ಒಂದು ಒರತೆಯ ಬಳಿ ಮಂಡಿಯೂರಿ ಕುಳಿತು, ಅದರೊಳಗೆ ಚಲಿಸುವುದನ್ನು ನೋಡಿ, ಇದು ತನ್ನೊಬ್ಬನದಲ್ಲವೆಂದು ತಿಳಿಯುತ್ತಾನೆ. ಅವನ ನಡಿಗೆ ಪ್ರಯೋಜನವಿಲ್ಲದ್ದೆಂದು ಹೇಳಲಾಗದು. ದಾರಿ ಒಂದೇ, ದೂರವೂ ಒಂದೇ. ಅಲೆದಾಟವೋ ಸಾಧನೆಯೋ ಎಂಬುದನ್ನು ನಿರ್ಣಯಿಸುವುದು ಯತ್ನಾಚಾರ.

ಕೊನೆಯದಾಗಿ ಬಾಯಾರಿಕೆಯ ವಿಚಾರ. ತತ್ತ್ವಾರ್ಥಸೂತ್ರವು ಎಣಿಸುವ ಇಪ್ಪತ್ತೆರಡು ಪರೀಷಹಗಳಲ್ಲಿ ಹಸಿವಿನ ಮರುಗಳಿಗೆಗೆ ಬರುವುದೇ ಬಾಯಾರಿಕೆ. ಅದನ್ನು ಸಮತೆಯಿಂದ ಸಹಿಸುವುದು ತಪಸ್ಸು. ಆದರೆ ನೀರಿಲ್ಲದೆ ಬಾಯಾರಿದವರೆಲ್ಲ ಉಪವಾಸಿಗಳಲ್ಲ. ಉಪವಾಸದಲ್ಲಿ ನೀರು ಎದುರಿಗಿರುತ್ತದೆ, ಮನಸ್ಸು ಅದನ್ನು ಬಿಟ್ಟಿರುತ್ತದೆ. ಮರುಭೂಮಿಯಲ್ಲಿ ಲೆಕ್ಕತಪ್ಪಿದವನಿಗೆ ನೀರು ದೂರವಿರುತ್ತದೆ, ಮನಸ್ಸು ಅದನ್ನೇ ಹಿಡಿದಿರುತ್ತದೆ. ಮೊದಲನೆಯದು ತ್ಯಾಗ, ಎರಡನೆಯದು ಪ್ರಮಾದ. ಹಗಲಿನ ಬೇಗೆಗೆ ಅಂಜಿ ಅನೇಕರು ಆ ಮರುಭೂಮಿಯನ್ನು ರಾತ್ರಿಯಲ್ಲಿ ದಾಟುತ್ತಾರೆ. ರಾತ್ರಿ ಜಲತ್ಯಾಗದ ನಿಯಮವಿರುವ ಶ್ರಾವಕನು ಅವರೊಡನೆ ಹೊರಟರೆ ಒಂದೋ ನಿಯಮಕ್ಕೆ ಭಂಗ, ಇಲ್ಲವೆ ದೇಹಕ್ಕೆ ಅಪಾಯ. ಇದು ವ್ರತದ ದೋಷವಲ್ಲ. ಕ್ಷೇತ್ರವನ್ನೂ ಕಾಲವನ್ನೂ ತನ್ನ ಶಕ್ತಿಯನ್ನೂ ನೋಡಿ ವ್ರತವನ್ನು ಸ್ವೀಕರಿಸಬೇಕೆಂಬಂತೆ, ಸ್ವೀಕರಿಸಿದ ವ್ರತವನ್ನು ನೋಡಿ ಕ್ಷೇತ್ರವನ್ನೂ ಕಾಲವನ್ನೂ ಆರಿಸಿಕೊಳ್ಳಬೇಕು. ಅವನಿಗೆ ಆ ದಾರಿಯ ಆ ಭಾಗ ಆ ಋತುವಿನಲ್ಲಿ ಸಲ್ಲದಿದ್ದರೆ ಬಿಡುವುದೇ ಸರಿ. ಹಟದಿಂದ ನೀರು ಬಿಟ್ಟು ದಾರಿಯಲ್ಲಿ ಕುಸಿಯುವುದನ್ನು ಸಲ್ಲೇಖನವೆನ್ನಲಾಗದು. ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಒದಗಿದಾಗ ಶಾಂತಭಾವದಿಂದ ಕೈಗೊಳ್ಳತಕ್ಕ ಆ ಮಹಾವ್ರತಕ್ಕೆ ಅಂತಹ ಹೋಲಿಕೆಯೇ ಅಪಚಾರ.

ಹಾಗೆಯೇ ಒಬ್ಬ ಸಂಗಾತಿ ಬಿಸಿಲಿಗೆ ಸೋತು ಬಿದ್ದಿದ್ದಾನೆಂದು ಭಾವಿಸಬಹುದು. ಎದುರಿಗಿರುವುದು ಸೊಳ್ಳೆಮರಿಗಳು ತುಂಬಿದ ಒಂದು ಹೊಂಡ. ಶ್ರಾವಕನ ಪಾತ್ರೆಯಲ್ಲಿರುವುದು ತನಗೆಂದು ಸೋಸಿ ಕುದಿಸಿಟ್ಟ ಕಡೆಯ ಬೊಗಸೆ ನೀರು. ಅವನ ಧರ್ಮವು ಇಲ್ಲಿ ಸ್ಪಷ್ಟವಾಗಿದೆ. ಆ ನೀರು ಸಂಗಾತಿಗೆ ಸೇರತಕ್ಕದ್ದು. ಹೊಂಡದ ಬಳಿ ಕುಳಿತು ಬಟ್ಟೆ ಹಾಸಿ ಕಾಯುವ ಬಾಯಾರಿಕೆ ತನಗೆ ಸೇರತಕ್ಕದ್ದು. ತನ್ನ ವ್ರತದ ಭಾರವನ್ನು ಇನ್ನೊಬ್ಬನ ಒಣಗಂಟಲಿನ ಮೇಲೆ ಹೊರಿಸುವವನು ವ್ರತಿಯಲ್ಲ. ಸಂಗಾತಿಗೆ ನೀರು ಕೊಟ್ಟೆನೆಂಬ ನೆವದಿಂದ ಸೊಳ್ಳೆಮರಿಗಳನ್ನು ಮಣ್ಣಿಗೆ ಕೊಡವುವವನೂ ವ್ರತಿಯಲ್ಲ. ಮನುಷ್ಯನ ಮೇಲಿನ ಕರುಣೆಗೂ ಹುಳುವಿನ ಮೇಲಿನ ಕರುಣೆಗೂ ನಡುವೆ ಒಂದನ್ನಷ್ಟೇ ಆರಿಸಬೇಕಾಗಿ ಬರುವ ಪ್ರಸಂಗಗಳು ಜನರು ತಿಳಿದಿರುವಷ್ಟು ಹೆಚ್ಚಲ್ಲ. ಅನೇಕ ವೇಳೆ ಎರಡಕ್ಕೂ ಎಡೆಯಿರುತ್ತದೆ; ಇಲ್ಲದಿರುವುದು ತಾಳ್ಮೆ.

ಯಂತ್ರದಿಂದ ಸೋಸುವವನನ್ನು ಕೀಳಾಗಿ ಕಾಣುವುದೂ ಸಲ್ಲದು. ಸಾಬೂನನ್ನು ತೊರೆಗೆ ಬೆರಸಬಾರದು, ನೀರಿನಿಂದ 200 ಅಡಿ ದೂರದಲ್ಲಿ ತೊಳೆದುಕೊಳ್ಳಬೇಕು ಎಂಬ ನಿಯಮಗಳನ್ನು ಆ ಚಾರಣಿಗರು ತಮಗೆ ತಾವೇ ಹಾಕಿಕೊಂಡಿದ್ದಾರೆ. ಕೆಳಗೆ ಕುಡಿಯುವ, ತಾನು ಎಂದೂ ಕಾಣದ ಮನುಷ್ಯನ ನೆನಪು ಅದರಲ್ಲಿದೆ. ಶ್ರಾವಕಾಚಾರವು ಕೇಳುವುದು ಆ ನೆನಪನ್ನು ಇನ್ನೂ ಕೆಲವು ಅಂಗುಲ ಕೆಳಗಿಳಿಸಿ, ನೀರಿನೊಳಗೆ ಚಲಿಸುವ, ಹೆಸರಿಲ್ಲದ ಜೀವದವರೆಗೂ ಮುಟ್ಟಿಸಬೇಕೆಂಬುದನ್ನು. ಕುಡಿದು ಎದ್ದ ಮೇಲೆ ಒರತೆಯು ಮೊದಲಿದ್ದಂತೆಯೇ ಇರಬೇಕು, ಅದರೊಳಗಿನ ಜೀವಗಳೂ ಇರಬೇಕು. ಅನಂತರ ದಾರಿಹೋಕನು ತನ್ನ ಚೀಲವನ್ನೆತ್ತಿಕೊಂಡು ಹೋಗಬಹುದು.